ಒಂದೂಕಾಲು

ಬಾಗಿಲಿನ ಅಗಲ ಒಂದೂಕಾಲು.
ಒಂದೂಕಾಲು ಏನು?
ಫೈಲು ಬಾಯಿ ಬಿಡುವುದಿಲ್ಲ.
ಯೂನಿಟ್ಟಿನ ಜಾಗದಲ್ಲಿ ಒಂದು ಅಡ್ಡಗೆರೆ, ಅಷ್ಟೇ,
ಹೆಸರು ಕೇಳಿದರೆ ತಲೆ ತಗ್ಗಿಸುವ ಮಗುವಿನಂತೆ.

ಎಣ್ಣೆಕಾಗದದ ಹಳೇ ನಕ್ಷೆಯನ್ನು
ಗೆರೆಗೆ ಗೆರೆ ಕಂಪ್ಯೂಟರಿಗೆ ಇಳಿಸಿದವನು ಒತಾರ್.
ಅವನು ಹೋಗಿ ಮೂರು ಚಳಿಗಾಲ.
ಗೋಡೆ, ಕಿಟಕಿ, ಮೆಟ್ಟಿಲು, ಮರದ ಬಾಲ್ಕನಿ,
ಲೇಯರಿಗೊಂದು ಬಣ್ಣ, ಎಲ್ಲ ಒಪ್ಪ ಓರಣ.
ಹೇಳಬೇಕಿದ್ದ ಒಂದು ಮಾತನ್ನು ಮಾತ್ರ
ಜೊತೆಗೇ ಒಯ್ದಿದ್ದಾನೆ.

ಬಚ್ಚಲು ಹೊಸದಾಗಬೇಕಿತ್ತಲ್ಲ,
ಲೈಬ್ರರಿಯಿಂದ ಒಂದು ಸ್ನಾನದ ತೊಟ್ಟಿ ಎಳೆದು ತಂದೆ.
ತೊಟ್ಟಿ ಬಂತು, ಮನೆ ಮಾಯ.
ಜೂಮ್ ಮಾಡಿದೆ, ಇನ್ನೂ ಮಾಡಿದೆ, ಇನ್ನೂ:
ನೀರು ಹೋಗುವ ತೂತಿನೊಳಗೆ
ಹನ್ನೊಂದು ಕೋಣೆಯ ಮನೆ ಬಿದ್ದುಕೊಂಡಿತ್ತು.

ಆಚೆ ಮೇಜಿನಿಂದ ತೆಂಗಿಜ್ ಅಂದ:
"ಸಾವಿರದಿಂದ ಗುಣಿಸು, ಮೀಟರ್ ಇರಬೇಕು."
ಗುಣಿಸಿದೆ. ಕತ್ತೆಯೂ ಅದರ ಹೊರೆಯೂ
ಒಟ್ಟಿಗೇ ನುಗ್ಗುವಷ್ಟು ಬಾಗಿಲು.
ಮನೆ ಬೀದಿ ದಾಟಿ ಹೋಗಿ
ಎದುರು ಬೇಕರಿಯ ಒಲೆಯ ಮೇಲೆ ಕುಳಿತಿತು.
ಅಡಿ ಎಂದುಕೊಂಡರೆ
ಬೆಕ್ಕು ಮಾತ್ರ ಒಳಗೆ, ಮನೆಯವರು ಹೊರಗೆ.

ಬಾಗಿಲು ಸುಳ್ಳು ಹೇಳುವುದಿಲ್ಲ ಅಂತ ಕಲಿಸಿದವನೂ ಒತಾರನೇ.
ದೊರೆಯಾಗಲಿ ದರ್ಜಿಯಾಗಲಿ
ಹೆಗಲಿನ ಅಗಲ ಅಷ್ಟರಲ್ಲೇ ಅಲ್ಲವೇ.
ದಿಕ್ಕು ತೋಚದಾಗ ಬಾಗಿಲನ್ನು ಕೇಳು,
ಆಮೇಲೆ ಮೆಟ್ಟಿಲನ್ನು.
ಗೋಡೆಯನ್ನು ಕೇಳಬೇಡ, ಅದಕ್ಕೆ ಜಂಬ.

ಮರುದಿನ ಟೇಪು ಹಿಡಿದು
ಸೊಲೊಲಾಕಿಯ ಏರು ಹತ್ತಿದೆ.
"ಮತ್ತೆ ಅಳೆಯಲು ಬಂದೆಯಾ?" ಲಮಾರಾ ಅಜ್ಜಿ.
"ಎಷ್ಟು ಸರ್ಕಾರ ಬಂತು, ಎಲ್ಲರೂ ಅಳೆದದ್ದೇ ಅಳೆದದ್ದು.
ಸೋರುವ ಕಡೆ ಒಬ್ಬರೂ ಬೆರಳಿಡಲಿಲ್ಲ."
ಬಣ್ಣದ ಏಳು ಪದರ ಕೆರೆದು ಹಿಡಿದೆ:
ಎಂಬತ್ತೊಂಬತ್ತು ಸೆಂಟಿಮೀಟರ್.
ಒಂದೂಕಾಲಿನಿಂದ ಭಾಗಿಸಿದರೆ ಎಪ್ಪತ್ತೊಂದು, ಚೂರು ಮೇಲೆ.
ಅಂಗೈ ಮೇಲೆ ಬರೆದುಕೊಂಡು ನಿಂತೆ.
ಗೇಣಿಗೆ ಬಹಳ ಹೆಚ್ಚು, ಮೊಳಕ್ಕೂ ಹೆಚ್ಚು,
ಮಾರಿಗೆ ಅರ್ಧವೂ ಇಲ್ಲ.
ಇದು ಯಾರ ಮೈಯ ಅಳತೆ?

ಅಜ್ಜಿ ನನ್ನ ಅಂಗೈ ನೋಡಿದಳು.
ಮಾತಾಡದೆ ಹೋಗಿ
ಕಿಟಕಿಗೆ ಊರುಗೋಲಾಗಿದ್ದ ಕೋಲನ್ನು ಕಿತ್ತು ತಂದಳು.
ಹಿಂದೆ ಕಿಟಕಿ ದಡಕ್ಕನೆ ಮುಚ್ಚಿಕೊಂಡಿತು.
"ಅರ್ಶಿನ್. ಮಾವನ ಅಪ್ಪ
ಇದರಲ್ಲೇ ಬಟ್ಟೆ ಅಳೆದು ಮಾರುತ್ತಿದ್ದ."
ಕರಿ ಮರ, ಹದಿನಾರು ಹಿತ್ತಾಳೆ ಗುರುತು,
ಹಿಡಿದ ಕಡೆ ನುಣುಪು.
ಟೇಪು ಇಟ್ಟೆ. ಎಪ್ಪತ್ತು.
ಇನ್ನೊಮ್ಮೆ ಇಟ್ಟೆ. ಎಪ್ಪತ್ತೇ.

ಏಪ್ರನ್ನಿನ ಅಂಚು ಬಾಯಿಗೊತ್ತಿ ನಕ್ಕಳು ಅಜ್ಜಿ.
"ಆ ಒಂದು ಬೆರಳು ಅಂಗಡಿಯ ಪಾಲು.
ಮನೆ ಕಟ್ಟಿಸುವಾಗ ಮಾತ್ರ
ಪಕ್ಕದ ಬೀದಿಯಿಂದ ಬೇರೆ ಕೋಲು ಎರವಲು ತಂದನಂತೆ.
ದೇವರ ಭಯಕ್ಕಲ್ಲ ಮಗೂ,
ಹೆಂಡತಿಯ ಪಿಯಾನೋ ಒಳಗೆ ಬರಬೇಕಿತ್ತು."

ಕೋಲನ್ನೂ ಕೇಳಿ ಹಿಡಿದುಕೊಂಡು ಕಚೇರಿಗೆ ಬಂದೆ.
ಏಳುನೂರ ಹನ್ನೊಂದು ಪಾಯಿಂಟ್ ಎರಡು, ಎಂಟರ್.
ಮನೆ ತೂತಿನಿಂದ ಎದ್ದು ಬಂದು
ತನ್ನ ನಿವೇಶನದಲ್ಲಿ ನಿಂತಿತು.
ಮೆಟ್ಟಿಲು ಪಾದಕ್ಕೆ ಸರಿಯಾಯಿತು,
ತೊಟ್ಟಿ ಬೆಕ್ಕಿನಂತೆ ಮೂಲೆ ಸೇರಿತು.
ಬಡಗಣ ಗೋಡೆ ಮಾತ್ರ ಮೂರು ಸೆಂಟಿಮೀಟರ್ ಕೂಡಲಿಲ್ಲ.
ಒತಾರನ ಕೈನಡುಕವೋ,
ನೆಲ ನಡುಗಿದ ವರ್ಷದ್ದೋ.
ಹಾಗೇ ಬಿಟ್ಟೆ.

ಇನ್ನು ಯೂನಿಟ್ ಆರಿಸಬೇಕು. ಪಟ್ಟಿ ಇಳಿಯುತ್ತದೆ:
ಅಂಗುಲವಿದೆ, ಮೈಲಿಯಿದೆ,
ಯಾರೂ ಮನೆ ಕಟ್ಟದ ಜ್ಯೋತಿರ್ವರ್ಷವೂ ಇದೆ.
ಅರ್ಶಿನ್ ಇಲ್ಲ.
ಮಿಲಿಮೀಟರ್ ಒತ್ತಿದೆ.

ಸಂಜೆ ಫೋನು.
"ಅಳತೆ ಸಿಕ್ಕಿತಾ?"
ಸಿಕ್ಕಿತು ಅಜ್ಜಿ.
"ಹಾಗಿದ್ದರೆ ಕೋಲು ತಂದುಕೊಡು.
ಕಿಟಕಿ ನಿಲ್ಲುತ್ತಿಲ್ಲ."